ಕ್ಯಾಸನೂರಿನಿಂದ ಒಂದು ಚುಕ್ಕೆ ಪ್ರಶ್ನೆ

ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆಯುವವರು ಮೇಜು ಹಾಕುವುದು ಬೆಳಿಗ್ಗೆ ಹತ್ತರ ಸುಮಾರಿಗೆ. ಮೇಜಿನ ಮೇಲೆ ಬಿಳಿ ಹಾಳೆಯ ಕಟ್ಟು, ಒಂದೆರಡು ಕಾರ್ಬನ್, ಹೆಬ್ಬೆಟ್ಟಿನ ಶಾಯಿ ಪ್ಯಾಡು. ಗಾಳಿಗೆ ಹಾಳೆ ಹಾರದಿರಲಿ ಅಂತ ಮೇಲೊಂದು ಜಲ್ಲಿಕಲ್ಲು. ಶಿವಮೊಗ್ಗ ಜಿಲ್ಲೆಯ ಸೊರಬದಲ್ಲೂ ಇದೇ ನೋಟ, ಶಿಕಾರಿಪುರದಲ್ಲೂ ಇದೇ. ಎದುರಿನ ಸ್ಟೂಲಿನಲ್ಲಿ ಕೂತವರು ಅಂಗಿಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು, ಕವರಿನೊಳಗಿಂದ ನಾಲ್ಕು ಮಡಿಕೆ ಮಡಿಸಿದ ಕಾಗದ ಬಿಡಿಸುತ್ತಾರೆ.

“ಸರ್ವೆ ನಂಬರ್ ಹೇಳಿ ಗೌಡ್ರೇ.”

“ಪಾಣೀಲಿ ಐತಲ್ರೀ.”

“ಇದು ಪಕ್ಕದ ನಂಬರಿಂದು. ನಿಮ್ದು ಎಲ್ಲಿ? ಫಾರಂ ಐವತ್ತೇಳು ಹಾಕಿದ್ರಾ, ಐವತ್ಮೂರಾ?”

“ಐವತ್ತು ನಮ್ಮಪ್ಪ ಹಾಕಿದ್ದು. ಐವತ್ಮೂರು ನಾನು ಹಾಕ್ದೆ. ಐವತ್ತೇಳು ಹುಡುಗ ಹಾಕ್ಯಾನೆ.”

ಇಂಥ ಮಾತು ಈ ಜಗಲಿಗಳಲ್ಲಿ ದಿನಾ ನಡೆಯುವಂಥದ್ದು. ಬಗರ್‌ಹುಕುಂ ಜಮೀನು ಸಕ್ರಮಕ್ಕೆ ಫಾರಂ 50 ಬಂದದ್ದು 1991ರಲ್ಲಿ, 53 ಬಂದದ್ದು 1998ರಲ್ಲಿ, 57 ಬಂದದ್ದು 2018ರಲ್ಲಿ. ಒಂದು ಮನೆಯ ಮೂರು ತಲೆಮಾರು ಮೂರು ಫಾರಂ ಹಿಡಿದು ಒಂದೇ ಬಾಗಿಲ ಮುಂದೆ ನಿಂತ ಕತೆಯನ್ನು ಬರೆಯುವವರು ಅರ್ಧ ಹಾಳೆಗೆ ಇಳಿಸುತ್ತಾರೆ. ಇವರಿಗೆ, ಇವರಿಂದ, ವಿಷಯ, ಮಾನ್ಯರೇ. ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ. ಅಳು, ಸಿಟ್ಟು, ಅಣ್ಣತಮ್ಮಂದಿರ ಜಗಳ ಎಲ್ಲ ಹೊರಗೆ ಉಳಿದು, ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ, ಲಗತ್ತುಗಳು ಮಾತ್ರ ಒಳಗೆ ಹೋಗುತ್ತವೆ. ಸಂಸತ್ತಿಗೆ ಟಿಪ್ಪಣಿ ಬರೆಯುವ ಇಂಟರ್ನ್‌ಶಿಪ್ ಅಂದರೇನು ಎಂದು ಕಾಲೇಜು ಹುಡುಗರು ಕೇಳಿದರೆ ನಾನು ಮೊದಲು ತೋರಿಸುವುದು ಈ ಮೇಜನ್ನೇ. ಮಿಕ್ಕದ್ದು ದಿಲ್ಲಿಯಲ್ಲಿದೆ.

ದಿಲ್ಲಿಯಲ್ಲಿ ಇರುವುದೇನು? ಲೋಕಸಭೆಯ ಒಬ್ಬ ಸದಸ್ಯರಿಗೆ ಕಂಪ್ಯೂಟರ್ ಬಲ್ಲ ಸಹಾಯಕರನ್ನು ಇಟ್ಟುಕೊಳ್ಳಲು ಭತ್ಯೆ ಸಿಗುತ್ತದೆ. ಬಸ್ ಪಾಸಿನ ಶಿಫಾರಸು, ಆಸ್ಪತ್ರೆಯ ಪತ್ರ, ಮದುವೆ ಆಮಂತ್ರಣಗಳ ಪಟ್ಟಿ ನೋಡಿಕೊಳ್ಳುವಷ್ಟರಲ್ಲಿ ಆ ಸಹಾಯಕರ ದಿನ ಮುಗಿದಿರುತ್ತದೆ. ಮಸೂದೆಯೊಂದು ಸದನಕ್ಕೆ ಬಂದಾಗ ಅದನ್ನು ಕೂತು ಓದಿ, ಹಳೆಯ ಕಾನೂನಿನ ಪಕ್ಕ ಇಟ್ಟು, ನಮ್ಮ ಕ್ಷೇತ್ರಕ್ಕೆ ಇದರಿಂದ ಏನಾಗುತ್ತದೆ ಎಂದು ಎರಡು ಪುಟ ಬರೆದು ಕೊಡುವ ಜನ ಕಡಿಮೆ. ಅಮೆರಿಕದ ಕಾಂಗ್ರೆಸ್ಸು ಇದಕ್ಕೆಂದೇ 1914ರಲ್ಲಿ ಒಂದು ಸಂಶೋಧನಾ ವಿಭಾಗ ಮಾಡಿಕೊಂಡಿತು. ಬ್ರಿಟಿಷ್ ಸಂಸತ್ತಿನಲ್ಲಿ 1989ರಿಂದ ವಿಜ್ಞಾನದ ವಿಷಯಗಳಿಗೆಂದೇ ‘ಪೋಸ್ಟ್’ ಎಂಬ ಕಚೇರಿ ಇದೆ. ಅಲ್ಲಿಗೆ ಪಿಎಚ್‌.ಡಿ ಮಾಡುತ್ತಿರುವವರು ಮೂರು ತಿಂಗಳ ಮಟ್ಟಿಗೆ ಬಂದು ನಾಲ್ಕು ಪುಟದ ಟಿಪ್ಪಣಿ ಬರೆದು ಹೋಗುತ್ತಾರೆ. ಹೀಗೆ ಮಾಡಿ ಎಂಬ ಸಲಹೆ ಆ ನಾಲ್ಕು ಪುಟದಲ್ಲಿ ಎಲ್ಲೂ ಇರುವಂತಿಲ್ಲ. ಗೊತ್ತಿರುವುದೇನು ಎಂದಷ್ಟೇ ಬರೆಯಬೇಕು.

ನಮ್ಮಲ್ಲಿ ಲೋಕಸಭಾ ಸಚಿವಾಲಯ, ರಾಜ್ಯಸಭಾ ಸಚಿವಾಲಯ ಎರಡೂ ವಿದ್ಯಾರ್ಥಿಗಳನ್ನು ಇಂಟರ್ನ್‌ಗಳಾಗಿ ಸೇರಿಸಿಕೊಂಡದ್ದಿದೆ. ಹೆಚ್ಚು ಹೆಸರಾದದ್ದು ಮಾತ್ರ ಸರ್ಕಾರದ ಹೊರಗಿನದು. 2005ರಲ್ಲಿ ಶುರುವಾದ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಎಂಬ ಸಂಸ್ಥೆ 2010ರಿಂದ ‘ಲ್ಯಾಂಪ್’ ಫೆಲೋಶಿಪ್ ನಡೆಸುತ್ತಿದೆ. ಯಾವ ಪದವಿಯಾದರೂ ಸರಿ, ವಯಸ್ಸು ಇಪ್ಪತ್ತೈದು ದಾಟಿರಬಾರದು. ಆಯ್ಕೆಯಾದವರು ಒಬ್ಬೊಬ್ಬ ಸಂಸದರ ಜೊತೆ ಮುಂಗಾರು ಅಧಿವೇಶನದಿಂದ ಬಜೆಟ್ ಅಧಿವೇಶನದ ತನಕ ಕೆಲಸ ಮಾಡುತ್ತಾರೆ. ಯಾವ ಪಕ್ಷದವರ ಜೊತೆಗಾದರೂ ಸೈ.

ಮುಂಗಾರು, ಚಳಿಗಾಲ, ಬಜೆಟ್ ಎಂಬ ಈ ಮೂರು ಅಧಿವೇಶನಗಳನ್ನು ನಮ್ಮ ಕಡೆಯ ಪಂಚಾಂಗದ ಮೇಲೆ ಇಟ್ಟು ನೋಡಿ. ದಿಲ್ಲಿಯಲ್ಲಿ ಮುಂಗಾರು ಅಧಿವೇಶನ ಶುರುವಾಗುವಾಗ ಸೊರಬದ ಗದ್ದೆಗಳಲ್ಲಿ ಮೊಣಕಾಲುದ್ದ ಕೆಸರು, ಸಸಿ ನೆಟ್ಟಿ. ಚಳಿಗಾಲದ ಅಧಿವೇಶನದ ಹೊತ್ತಿಗೆ ಭತ್ತದ ಕೊಯ್ಲು, ಅಡಿಕೆ ಕೊನೆ ಇಳಿಸುವ ಗಡಿಬಿಡಿ. ಶಿಕಾರಿಪುರದ ಕಡೆ ಡಾಂಬರು ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿ, ಅಂಚಿಗೆ ಕಲ್ಲು ಜೋಡಿಸಿರುತ್ತಾರೆ; ಬಸ್ಸಿನ ಡ್ರೈವರು ಬೈಯುತ್ತಲೇ ಪಕ್ಕಕ್ಕೆ ತಿರುಗಿಸುತ್ತಾರೆ. ಬಜೆಟ್ ಅಧಿವೇಶನ ಬಂತೆಂದರೆ ಕಾಡಂಚಿನ ಊರುಗಳಲ್ಲಿ ಜ್ವರದ ಮಾತು. ಯಾರ ಬೆಟ್ಟದಲ್ಲಿ ಮಂಗ ಸತ್ತು ಬಿದ್ದಿದೆ, ಎಲ್ಲಿ ಆಶಾ ಕಾರ್ಯಕರ್ತೆಯರು ಉಣುಗು ಹತ್ತದಂತೆ ಹಚ್ಚುವ ಎಣ್ಣೆ ಹಂಚುತ್ತಿದ್ದಾರೆ ಎಂಬ ವಿಚಾರಣೆ.

ಸೊರಬದಿಂದ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಮಲೆನಾಡು ಕರಗಿ ಬಯಲಾಗುವುದನ್ನು ಕಣ್ಣಾರೆ ನೋಡಬಹುದು. ಕೆರೆಯಾದ ಮೇಲೆ ಕೆರೆ. ಅಡಿಕೆ ತೋಟ, ಅದರ ಮಗ್ಗುಲಲ್ಲೇ ಶುಂಠಿಗೆ ಬಿಟ್ಟ ಹೊಲ. ಆಮೇಲೆ ಮರ ಗಿಡ್ಡವಾಗುತ್ತ, ಆಕಾಶ ಅಗಲವಾಗುತ್ತ ಹೋಗುತ್ತದೆ. ಶಿರಾಳಕೊಪ್ಪದ ಆಸುಪಾಸಿನಲ್ಲೇ ತಾಳಗುಂದ ಮತ್ತು ಬಳ್ಳಿಗಾವಿ. ಬೆಂಚಿನ ಮೇಲೆ ಬ್ಯಾಗು ತಬ್ಬಿಕೊಂಡು ಕೂತ ಪದವಿ ಕಾಲೇಜಿನ ಹುಡುಗ ಹುಡುಗಿಯರು ಮೊಬೈಲಿನಲ್ಲಿ ಸಾಮಾನ್ಯ ಜ್ಞಾನದ ಪ್ರಶ್ನೆಗಳನ್ನು ಉಜ್ಜುತ್ತಿರುತ್ತಾರೆ: ಪಿಡಿಒ, ಎಫ್‌ಡಿಎ, ಪಿಎಸ್‌ಐ ಹುದ್ದೆಗಳ ಪರೀಕ್ಷೆಗೆ. ತಾಳಗುಂದದ ಸ್ತಂಭಶಾಸನ ಬರೆದ ಕವಿ ಯಾರು? ಕುಬ್ಜ. ಮುಂದಿನ ಪ್ರಶ್ನೆ.

ಮುಂದಿನ ಪ್ರಶ್ನೆಗೆ ಹೋಗುವ ಮೊದಲು ಒಂದು ನಿಮಿಷ. ಆ ಶಾಸನದಲ್ಲಿ ಇರುವುದು ಇಲ್ಲಿಂದ ರಾಜಧಾನಿಗೆ ಓದಲು ಹೋದ ವಿದ್ಯಾರ್ಥಿಯ ಸುದ್ದಿ. ಮಯೂರಶರ್ಮ ಗುರು ವೀರಶರ್ಮರ ಜೊತೆ ಕಂಚಿಯ ಘಟಿಕೆಗೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಯಿತು, ಓದು ಅಲ್ಲಿಗೆ ನಿಂತಿತು, ಕದಂಬರ ರಾಜ್ಯ ಹುಟ್ಟಿತು. ಬಳ್ಳಿಗಾವಿಯದು ಇದಕ್ಕೆ ತಿರುಗಾಮುರುಗ. ಅಲ್ಲಿಗೆ ಓದಲು ಬೇರೆ ಕಡೆಯವರು ಬರುತ್ತಿದ್ದರು. ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠದಲ್ಲಿ ಏನೇನು ಕಲಿಸುತ್ತಿದ್ದರು ಎಂದು 1162ರ ಶಾಸನ ಪಟ್ಟಿ ಕೊಡುತ್ತದೆ. ವೇದ, ಹಲವು ವ್ಯಾಕರಣ, ದರ್ಶನಗಳು, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ಅದರ ಬೆನ್ನಿಗೇ ಕುರುಡರು, ಕುಂಟರು, ಕಿವುಡರು, ದಿಕ್ಕಿಲ್ಲದವರಿಗೆ ಅನ್ನ, ರೋಗಿಗಳಿಗೆ ಮದ್ದು. ಓದಿಸುವ ಜಾಗದ ಬಾಗಿಲಲ್ಲೇ ಊರಿನ ಕಷ್ಟವೂ ಕೂತಿರುತ್ತಿತ್ತು ಎಂಬುದು ಈ ಪಟ್ಟಿಯಲ್ಲಿ ನನಗೆ ಹಿಡಿಸಿದ ಭಾಗ. ವ್ಯಾಕರಣದ ಹೆಸರುಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಈಗ ಕ್ಯಾಸನೂರು. ಸೊರಬ ತಾಲ್ಲೂಕಿನ ಈ ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇದೆ. 1957ರಲ್ಲಿ ಇಲ್ಲಿ ಮುಸಿಯ, ಕೆಂಪುಮಂಗಗಳು ಸಾಯತೊಡಗಿದವು, ಅವುಗಳ ಬೆನ್ನಿಗೆ ಜನರಿಗೂ ಜ್ವರ ಹತ್ತಿತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಸಿಕ್ಕಿದ್ದು ಉಣುಗಿನಿಂದ ಹರಡುವ ಹೊಸ ವೈರಾಣು. ಕಾಯಿಲೆಗೆ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಹೆಸರಾಯಿತು. ಊರವರಿಗೆ ಅದು ಮಂಗನ ಕಾಯಿಲೆ. ದರಗು ಗುಡಿಸಲು, ಸೊಪ್ಪು ತರಲು, ದನ ಹುಡುಕಲು ಕಾಡಿಗೆ ಹೋದವರ ಮೈಗೆ ಉಣುಗು ಹತ್ತುತ್ತದೆ. ಬೇಸಿಗೆ ದಾಟಿ ಮಳೆ ಬಿದ್ದ ಮೇಲೆ ಕಾಯಿಲೆ ತಗ್ಗುತ್ತದೆ, ಅದರ ಜೊತೆಗೆ ಪತ್ರಿಕೆಯ ಸುದ್ದಿಯೂ ತಗ್ಗುತ್ತದೆ.

ಸೊರಬದ ಕಡೆಯ ಹುಡುಗಿಯೊಬ್ಬಳು, ರಾಜ್ಯಶಾಸ್ತ್ರದಲ್ಲಿ ಬಿ.ಎ., ಹೀಗೊಂದು ಇಂಟರ್ನ್‌ಶಿಪ್ಪಿಗೆ ಸೇರಿದಳು ಎಂದಿಟ್ಟುಕೊಳ್ಳಿ. ಸಂಸದರ ಕಚೇರಿಯಲ್ಲಿ ಕೂತು ಮಂಗನ ಕಾಯಿಲೆಯ ಬಗ್ಗೆ ಪ್ರಶ್ನೆ ತಯಾರು ಮಾಡಬೇಕು. ಅವಳ ಮೊದಲ ಕರಡು ಹೆಚ್ಚುಕಮ್ಮಿ ಹೀಗಿರುತ್ತದೆ: ಮಲೆನಾಡಿನ ಜನ ಮಂಗನ ಕಾಯಿಲೆಯಿಂದ ತತ್ತರಿಸಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು? ಭಾಷಣಕ್ಕೆ ಇದು ಚೆನ್ನ. ಪ್ರಶ್ನೆಯಾಗಿ ಇದು ಮಂತ್ರಿಗಳಿಗೆ ಹಾಸಿಕೊಟ್ಟ ಚಾಪೆ. ಹೌದು, ಬಂದಿದೆ, ಅಗತ್ಯ ಕ್ರಮ ಕೈಗೊಳ್ಳಲಾಗಿದೆ. ಮುಗಿಯಿತು.

ಎರಡನೇ ಕರಡಿನಲ್ಲಿ ಅವಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲದ ವಿಚಾರ ಎತ್ತುತ್ತಾಳೆ. ಊರಿನಲ್ಲಿ ಎಲ್ಲರೂ ಮೊದಲು ಹೇಳುವ ದೂರು ಅದೇ ಆದ್ದರಿಂದ ಅವಳ ತಪ್ಪಲ್ಲ. ಆದರೆ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆಗಳು ರಾಜ್ಯದ ಪಟ್ಟಿಯಲ್ಲಿವೆ. ಮುಖ್ಯವಾಗಿ ಕೇಂದ್ರ ಸರ್ಕಾರದ ಹೊಣೆಯಲ್ಲದ ವಿಷಯದ ಮೇಲಿನ ಪ್ರಶ್ನೆಯನ್ನು ಲೋಕಸಭೆ ಅಂಗೀಕರಿಸುವುದಿಲ್ಲ. ನೋಟಿಸು ಹಾಗೆಯೇ ವಾಪಸು. ವೈದ್ಯರ ಖಾಲಿ ಹುದ್ದೆಯನ್ನು ಕೇಳಬೇಕಾದದ್ದು ವಿಧಾನಸೌಧದಲ್ಲಿ. ಹಾಗಾದರೆ ದಿಲ್ಲಿಯಲ್ಲಿ ಕೇಳುವುದೇನನ್ನು? ಲಸಿಕೆಯನ್ನು. ದಶಕಗಳಿಂದ ಇಲ್ಲಿ ಕೊಡುತ್ತಿದ್ದ ಹಳೆಯ ಲಸಿಕೆಯನ್ನು, ಅದು ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಲಾಯಿತು. ಹೊಸದರ ಕೆಲಸ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ಕೈಯಲ್ಲಿದೆ. ಕಾಯಿಲೆಯೂ ಈಗ ಸೊರಬದ ಗಡಿಯೊಳಗೆ ಉಳಿದಿಲ್ಲ. ಉತ್ತರ ಕನ್ನಡ, ಚಿಕ್ಕಮಗಳೂರು, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೆ ಹೋಗಿದೆ. ನಾಲ್ಕು ರಾಜ್ಯಗಳ ಮಾತಾದ ಮೇಲೆ ಅದು ದಿಲ್ಲಿಯ ಮಾತೇ.

ಮೂರನೇ ಕರಡು ಹೀಗೆ ನಿಲ್ಲುತ್ತದೆ. (ಅ) ಹಳೆಯ ಲಸಿಕೆ ನಿಂತ ಮೇಲೆ ಕಾಡಂಚಿನ ಜನರಿಗೆ ಬದಲಿ ರಕ್ಷಣೆ ಏನಿದೆ, (ಆ) ಹೊಸ ಲಸಿಕೆಯ ಪ್ರಯೋಗ ಯಾವ ಹಂತದಲ್ಲಿದೆ, ಇದುವರೆಗೆ ಬಿಡುಗಡೆಯಾದ ಹಣ ಎಷ್ಟು, ವರ್ಷವಾರು ವಿವರ, (ಇ) ಕಾಯಿಲೆ ಕಂಡುಬಂದ ರಾಜ್ಯಗಳ ನಡುವೆ ಮಾಹಿತಿ ಹಂಚಿಕೊಳ್ಳುವ ವ್ಯವಸ್ಥೆ ಇದೆಯೇ? ವಿಶೇಷಣ ಒಂದೂ ಇಲ್ಲ. ಒಂದೊಂದಕ್ಕೂ ತಾರೀಖೋ ಅಂಕಿಯೋ ಕೊಡದೆ ಮಂತ್ರಿಗಳಿಗೆ ಬಿಡುಗಡೆ ಇಲ್ಲ. ಲೋಕಸಭೆಯ ಪ್ರಶ್ನೆ 150 ಪದ ಮೀರಬಾರದು, ಕನಿಷ್ಠ ಹದಿನೈದು ದಿನ ಮುಂಚೆ ನೋಟಿಸು ಕೊಡಬೇಕು. ದಿನಕ್ಕೆ ಇಪ್ಪತ್ತು ಪ್ರಶ್ನೆಗಳಿಗಷ್ಟೇ ಚುಕ್ಕೆ ಗುರುತು, ಅಂದರೆ ಸದನದಲ್ಲೇ ಬಾಯಿಮಾತಿನ ಉತ್ತರ, ಅದೂ ಚೀಟಿ ಎತ್ತಿ. ಉಳಿದ ಇನ್ನೂರ ಮೂವತ್ತಕ್ಕೆ ಲಿಖಿತ ಉತ್ತರ. ಚುಕ್ಕೆ ಸಿಕ್ಕಿದರೆ ಎದ್ದು ನಿಂತು ಪೂರಕ ಪ್ರಶ್ನೆ ಕೇಳಬಹುದು. ಇಂಟರ್ನ್‌ನ ನಿಜವಾದ ಪರೀಕ್ಷೆ ಇರುವುದು ಅಲ್ಲಿ. ಮಂತ್ರಿಗಳು ಏನು ಹೇಳಿಯಾರು ಎಂದು ಊಹಿಸಿ, ಹಾಗೆ ಹೇಳಿದರೆ ಇದು, ಹೀಗೆ ಹೇಳಿದರೆ ಅದು ಎಂದು ಸಂಸದರ ಕೈಗೆ ಒಂದೇ ಪುಟ ಕೊಡಬೇಕು. ಎರಡನೇ ಪುಟವನ್ನು ಸದನದ ಗದ್ದಲದಲ್ಲಿ ಯಾರೂ ತಿರುವುವುದಿಲ್ಲ.

ಪುಟದ ಮೇಲ್ತುದಿಯಲ್ಲಿ ಏನಿರಬೇಕು ಎಂಬುದರಲ್ಲೇ ಅರ್ಜಿಗೂ ಟಿಪ್ಪಣಿಗೂ ವ್ಯತ್ಯಾಸ. ಅರ್ಜಿಯಲ್ಲಿ ಬೇಡಿಕೆ ಕೊನೆಗೆ ಬರುತ್ತದೆ, ಕೈಮುಗಿದು. ಟಿಪ್ಪಣಿಯಲ್ಲಿ ಮುಖ್ಯ ಮಾತು ಮೊದಲ ಎರಡು ಸಾಲಿನಲ್ಲೇ ಬಂದುಬಿಡಬೇಕು, ಆಮೇಲೆ ಆಧಾರ. ಹಿನ್ನೆಲೆ, ಪೀಠಿಕೆ, ಉಪಸಂಹಾರ ಎಂದು ಪ್ರಬಂಧ ಬರೆದು ಬೆಳೆದ ನಮ್ಮ ಕಾಲೇಜುಗಳ ಮಕ್ಕಳಿಗೆ ಈ ತಲೆಕೆಳಗು ಸ್ವಲ್ಪ ಕಷ್ಟ. ಅಂಕ ಕೊಡುವ ಮೇಷ್ಟ್ರಿಗೂ ಕಷ್ಟವೇ ಅನ್ನಿ.

ಜಮೀನಿನ ವಿಷಯ ಇನ್ನೂ ತೊಡಕಿನದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ದಂಡೆಯ ಊರುಗಳು ಮುಳುಗಿದಾಗ ಅಲ್ಲಿಯ ಕುಟುಂಬಗಳು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆ ಕಾಡಿನ ಜಾಗಕ್ಕೆ ಬಂದು ಗುಡಿಸಲು ಹಾಕಿದವು. ಹಕ್ಕುಪತ್ರದ ಜಗಳ ಇಂದಿಗೂ ಮುಗಿದಿಲ್ಲ. ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ವಾಸವಿದ್ದುದನ್ನು ತೋರಿಸಬೇಕು ಎನ್ನುತ್ತದೆ ಅದು. ಹಿಂದಕ್ಕೆ ಎಣಿಸಿದರೆ 1930. ಮುಳುಗಡೆಯಿಂದ ಎದ್ದು ಬಂದವರಿಗೆ 2005ಕ್ಕೆ ಆದದ್ದು ನಲವತ್ತೊಂದೇ ವರ್ಷ. ಹಳೆಯ ಊರಿನ ವಾಸವನ್ನೂ ಲೆಕ್ಕಕ್ಕೆ ಹಿಡಿಯಿರಿ ಅನ್ನಬಹುದು. ಆ ಊರು ನೀರಿನಡಿ ಇದೆ. ಇನ್ನೊಂದು ದಾರಿಯೆಂದರೆ ಆ ಜಾಗವನ್ನು ಅರಣ್ಯದ ಲೆಕ್ಕದಿಂದ ಬಿಡಿಸುವುದು. ಅದಕ್ಕೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಒಪ್ಪಿಗೆ ಬೇಕು. ಅರಣ್ಯ ರಾಜ್ಯದ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಹೋದದ್ದು 1976ರ ನಲವತ್ತೆರಡನೇ ತಿದ್ದುಪಡಿಯಲ್ಲಿ. ತಾಲ್ಲೂಕು ಕಚೇರಿಯಲ್ಲಿ “ಇದು ನಮ್ಮ ಕೈಲಿಲ್ಲ ಕಣ್ರೀ” ಎಂದು ಗುಮಾಸ್ತರು ಹೇಳುವ ಮಾತಿನ ಬೇರು ಅಷ್ಟು ದೂರದಲ್ಲಿದೆ. ಈ ನಾಲ್ಕು ವರ್ಷಗಳನ್ನು, 1930, 1964, 1976, 1980, ಒಂದು ಸಾಲಿನಲ್ಲಿ ಬರೆದು ಸಂಸದರ ಮುಂದಿಡಬಲ್ಲ ಹುಡುಗ ಯಾವ ಸಂಜೆಯ ಟಿವಿ ಚರ್ಚೆಗಿಂತಲೂ ಹೆಚ್ಚು ಕೆಲಸ ಮಾಡಿದ ಹಾಗೆ.

ರಾಜಕಾರಣ ನಮ್ಮ ಈ ಎರಡು ತಾಲ್ಲೂಕಿಗೆ ಹೊಸತಲ್ಲ. 1967ರಲ್ಲಿ ಸೊರಬದಿಂದ ಮೊದಲ ಸಲ ಗೆದ್ದ ಬಂಗಾರಪ್ಪ 1990ರಲ್ಲಿ ಮುಖ್ಯಮಂತ್ರಿಯಾದರು. 1983ರಲ್ಲಿ ಶಿಕಾರಿಪುರದಿಂದ ಗೆದ್ದ ಯಡಿಯೂರಪ್ಪ ಮುಂದೆ ನಾಲ್ಕು ಸಲ ಅದೇ ಹುದ್ದೆಯ ಪ್ರಮಾಣವಚನ ತೆಗೆದುಕೊಂಡರು. ಹೋಟೆಲಿನ ಬೆಂಚಿನಲ್ಲಿ ಕೂತವರು ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಎಂದು ಬಾಯಲ್ಲೇ ಲೆಕ್ಕ ಕೊಡುತ್ತಾರೆ. ಗೆದ್ದವರು ಸದನದಲ್ಲಿ ಏನು ಕೇಳಿದರು ಎಂದು ಕೇಳಿ ನೋಡಿ, ಚಹಾದ ಲೋಟ ಕೆಳಗಿಟ್ಟು ಸುಮ್ಮನಾಗುತ್ತಾರೆ. ಇನ್ನೊಂದು ವಿಚಿತ್ರವಿದೆ. 2023ರಲ್ಲಿ ಸೊರಬದಿಂದ ಗೆದ್ದ ಮಧು ಬಂಗಾರಪ್ಪ ಶಾಲಾ ಶಿಕ್ಷಣ ಸಚಿವರಾದರು. ಮಂತ್ರಿಯಾದವರು ಸದನದಲ್ಲಿ ಉತ್ತರ ಕೊಡುತ್ತಾರೆಯೇ ಹೊರತು ಪ್ರಶ್ನೆ ಕೇಳುವುದಿಲ್ಲ. ಅಂದರೆ ತಮ್ಮ ಶಾಸಕರು ಮಂತ್ರಿಯಾದರೆಂದು ಪಟಾಕಿ ಹೊಡೆದ ಊರಿನ ಪ್ರಶ್ನೆಯನ್ನು ಪಕ್ಕದ ಕ್ಷೇತ್ರದವರು ಯಾರಾದರೂ ಕೇಳಬೇಕು.

ಲೋಕಸಭಾ ಕ್ಷೇತ್ರವಾದರೋ ಶಿವಮೊಗ್ಗ ಜಿಲ್ಲೆ ದಾಟಿ ಘಟ್ಟ ಇಳಿದು ಬೈಂದೂರಿನ ಸಮುದ್ರದವರೆಗೆ ಹೋಗುತ್ತದೆ. ಮೆಕ್ಕೆಜೋಳ, ಅಡಿಕೆ, ಶುಂಠಿ, ಮೀನು ಎಲ್ಲ ಒಬ್ಬರ ಮೇಜಿನ ಮೇಲೆ. ಬಲೆ ಬೀಸುವವರ ಡೀಸೆಲ್ ಸಬ್ಸಿಡಿಯನ್ನೂ ಅಡಿಕೆ ಆಮದು ಸುಂಕವನ್ನೂ ಒಬ್ಬರೇ ತಿಳಿದಿರಲಿ ಎಂದು ಬಯಸುವುದು ಅನ್ಯಾಯ. ಅದಕ್ಕೇ ಓದಿ ಹೇಳುವವರು ಬೇಕು.

ಓದಿ ಹೇಳುವುದು ಯಾವ ಭಾಷೆಯಲ್ಲಿ? ಇಲ್ಲಿ ಬಾಗಿಲು ಕಿರಿದಾಗುತ್ತದೆ. ಈ ಫೆಲೋಶಿಪ್ಪುಗಳ ಅರ್ಜಿಯಿಂದ ಹಿಡಿದು ಟಿಪ್ಪಣಿಯವರೆಗೆ ಬಹುಪಾಲು ಇಂಗ್ಲಿಷು. ಸೊರಬದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕನ್ನಡ ಮಾಧ್ಯಮದಲ್ಲಿ ಪದವಿ ಮುಗಿಸಿದವರು ಅಧಿಸೂಚನೆ ಓದುವಾಗಲೇ ಅರ್ಧ ಹಿಂಜರಿದಿರುತ್ತಾರೆ. ಹೀಗಿದ್ದೂ ಲೋಕಸಭೆಯಲ್ಲಿ ಕನ್ನಡದಲ್ಲಿ ಮೊದಲು ಮಾತಾಡಿದವರು ಇದೇ ಶಿವಮೊಗ್ಗ ಕ್ಷೇತ್ರದಿಂದ 1967ರಲ್ಲಿ ಗೆದ್ದುಹೋದ ಜೆ.ಎಚ್. ಪಟೇಲರು. ಸಂಸದರು ಕನ್ನಡದಲ್ಲಿ ಮಾತಾಡಬಹುದು ಎಂದಾದರೆ ಅವರಿಗೆ ಟಿಪ್ಪಣಿ ಕನ್ನಡದಲ್ಲಿ ಯಾಕೆ ಬರೆದುಕೊಡಬಾರದು? ವಿಧಾನಸೌಧದಲ್ಲಿ ಪ್ರಶ್ನೆ, ಉತ್ತರ ಬಹುತೇಕ ಕನ್ನಡದಲ್ಲೇ ನಡೆಯುತ್ತದೆ. ಅಲ್ಲಿಯ ಶಾಸಕರಿಗೂ ಓದಿ ಹೇಳುವವರ ಅಗತ್ಯ ದಿಲ್ಲಿಯವರಿಗಿಂತ ಕಮ್ಮಿಯಿಲ್ಲ. ದಿಲ್ಲಿಗೆ ಹೋಗಲೇಬೇಕೆಂದಿಲ್ಲ ಅನ್ನುವುದು ನನ್ನ ಲೆಕ್ಕ. ಒಂದು ವರ್ಷ ತಾಲ್ಲೂಕು ಕಚೇರಿಯ ಮೇಜಿನ ಪಕ್ಕ, ಇನ್ನೊಂದು ವರ್ಷ ಬೆಂಗಳೂರಿನಲ್ಲಿ. ಆಮೇಲೆ ದಿಲ್ಲಿಯ ಮಾತು.

ಹುಡುಗರ ಕೈಗೆ ಆಡಳಿತ ಕೊಡುವುದರಲ್ಲಿ ಶಿಕಾರಿಪುರ ತಾಲ್ಲೂಕು ಯಾವತ್ತೋ ಒಂದು ಹೆಜ್ಜೆ ಮುಂದೆ ಹೋಗಿತ್ತು. 1942ರಲ್ಲಿ ಈಸೂರಿನವರು ತಮ್ಮ ಊರು ಸ್ವತಂತ್ರವೆಂದು ಸಾರಿದಾಗ ಅಮಲ್ದಾರನ ಹುದ್ದೆಗೂ ಸಬ್ ಇನ್ಸ್‌ಪೆಕ್ಟರ್ ಹುದ್ದೆಗೂ ಊರಿನ ಇಬ್ಬರು ಹುಡುಗರನ್ನೇ ನೇಮಿಸಿದರು. ನಿಜವಾದ ಅಮಲ್ದಾರರು, ಪೊಲೀಸರು ಊರಿಗೆ ಬಂದಾಗ ನಡೆದ ಗಲಭೆಯಲ್ಲಿ ಅಧಿಕಾರಿಗಳಿಬ್ಬರು ಸತ್ತರು. 1943ರ ಮಾರ್ಚಿನಲ್ಲಿ ಐವರಿಗೆ ಗಲ್ಲಾಯಿತು. ಇವತ್ತು ಶಾಲೆಗಳಲ್ಲಿ ಮಕ್ಕಳ ಸಂಸತ್ತು ನಡೆಯುತ್ತದೆ, ಬಿಸಿಯೂಟದ ಮಂತ್ರಿ, ಸ್ವಚ್ಛತಾ ಮಂತ್ರಿ ಆಯ್ಕೆಯಾಗುತ್ತಾರೆ. ಯುವ ಸಂಸತ್ತಿನ ಸ್ಪರ್ಧೆಯಲ್ಲಿ ಬರೆದುಕೊಟ್ಟ ಪ್ರಶ್ನೆಗೆ ಬರೆದುಕೊಟ್ಟ ಉತ್ತರ ಒಪ್ಪಿಸಿ ಬಹುಮಾನ ತರುತ್ತಾರೆ. ನೀರಿನ ಟ್ಯಾಂಕು ಯಾವಾಗ ತೊಳೆದಿರಿ, ತಾರೀಖು ಹೇಳಿ ಎಂದು ಕೇಳಿದ ಮಗುವಿಗೆ ಬಹುಮಾನ ಕೊಟ್ಟದ್ದನ್ನು ನಾನಂತೂ ನೋಡಿಲ್ಲ.

“ಆತು, ದಿಲ್ಲೀಲಿ ಪ್ರಶ್ನೆ ಕೇಳಿದ್ರು. ಆಮ್ಯಾಲೆ?” ಎಂದು ಫಾರಂ ಹಿಡಿದ ಗೌಡರು ಕೇಳಿಯೇ ಕೇಳುತ್ತಾರೆ. ಆಮೇಲಿನದಕ್ಕೂ ಒಂದು ಜಾಗವಿದೆ. ಮಂತ್ರಿಗಳು ಸದನದಲ್ಲಿ ಪರಿಶೀಲಿಸುತ್ತೇವೆ, ಮಾಹಿತಿ ತರಿಸಿಕೊಂಡು ಮಂಡಿಸುತ್ತೇವೆ ಎಂದು ಹೇಳಿದರೆ ಅದು ಬಾಯಿಮಾತಾಗಿ ಉಳಿಯುವುದಿಲ್ಲ, ಸರ್ಕಾರಿ ಭರವಸೆಗಳ ಸಮಿತಿಯ ಪಟ್ಟಿಗೆ ಸೇರುತ್ತದೆ. ಲೋಕಸಭೆಯಲ್ಲಿ ಕೊಟ್ಟ ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕು. ಆಗದಿದ್ದರೆ ಇಲಾಖೆ ಕಾರಣ ಕೊಟ್ಟು ಅವಧಿ ಕೇಳಬೇಕು. ಎಷ್ಟೋ ಭರವಸೆಗಳು ವರ್ಷಗಟ್ಟಲೆ ಅಲ್ಲೇ ಬಿದ್ದಿರುವುದೂ ಉಂಟು, ಯಾಕೆಂದರೆ ಕೇಳಿದವರೇ ಮರೆತಿರುತ್ತಾರೆ. ಆದ್ದರಿಂದ ಬಜೆಟ್ ಅಧಿವೇಶನ ಮುಗಿದು ಹುಡುಗಿ ಚೀಲ ಕಟ್ಟುವಾಗ ಬರೆದಿಡುವ ಕೊನೆಯ ಕಾಗದ ಒಂದು ಪಟ್ಟಿ: ಪ್ರಶ್ನೆಯ ಸಂಖ್ಯೆ, ಉತ್ತರ ಬಂದ ತಾರೀಖು, ಮಂತ್ರಿಗಳು ಹೇಳಿದ ಮಾತು, ಗಡುವು ಮುಗಿಯುವ ದಿನ. ಅದರ ಒಂದು ಪ್ರತಿ ಸಂಸದರ ಕಚೇರಿಗೆ, ಮುಂದಿನ ವರ್ಷ ಅವಳ ಕುರ್ಚಿಗೆ ಬರುವವರಿಗೆ. ಇನ್ನೊಂದು ಪ್ರತಿಯ ಜೆರಾಕ್ಸ್ ಮಾಡಿಸಿ ತಾಲ್ಲೂಕು ಕಚೇರಿ ಎದುರಿನ ಮೇಜಿಗೆ ಕೊಟ್ಟರೆ, ಅಲ್ಲಿ ಕೂತವರು ಅದರ ಸಂಖ್ಯೆಯನ್ನು ಮುಂದಿನ ಅರ್ಜಿಯ ಉಲ್ಲೇಖದ ಸಾಲಿನಲ್ಲಿ ಹಾಕಿಯೇ ಹಾಕುತ್ತಾರೆ.